ಕೋಡಿಯ ಮಠದ ವ್ಯಾಕರಣ ಪಾಠ

ಶಿಕಾರಿಪುರ, ಸೊರಬದ ಶಾಲೆಗಳಲ್ಲಿ ಮಕ್ಕಳು ನೌನ್, ವರ್ಬ್ ಎಂದು ಬಾಯಿಪಾಠ ಮಾಡುತ್ತಾರೆ. ಪದಗಳನ್ನು ನಾಮ, ಕ್ರಿಯೆ ಎಂದು ಬೇರ್ಪಡಿಸಿ ನೋಡುವ ಈ ಪಾಠ ಇಂಗ್ಲಿಷಿನ ಬೆನ್ನಿಗೆ ಇಲ್ಲಿಗೆ ಬಂದದ್ದಲ್ಲ. 12ನೇ ಶತಮಾನದಲ್ಲೇ ಈ ಸೀಮೆಯಲ್ಲಿ ಅದಕ್ಕೆ ದತ್ತಿ ಬಿಟ್ಟಿದ್ದರು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಮಠವೊಂದಿತ್ತು. ಅದೇ ಕೋಡಿಯ ಮಠ. ನಡೆಸುತ್ತಿದ್ದವರು ಕಾಳಾಮುಖ ಶೈವರು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಅಲ್ಲಿ ನಡೆಯುತ್ತಿದ್ದ ಓದನ್ನು ಪಟ್ಟಿ ಮಾಡುತ್ತದೆ: ನಾಲ್ಕು ವೇದ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕ. ವ್ಯಾಕರಣದ್ದೇ ಒಂದು ಸಾಲು. ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ! ಮಠದಲ್ಲಿ ರೋಗಿಗಳಿಗೆ ಔಷಧ, ಕುಂಟರು ಕುರುಡರಿಗೆ ಅನ್ನವೂ ಸಿಗುತ್ತಿತ್ತು.

ಈ ಸಾಲಿನಲ್ಲಿ ಕಣ್ಣು ನಿಲ್ಲುವುದು ಶಾಕಟಾಯನದ ಮೇಲೆ. ಅದನ್ನು ಬರೆದ ಪಾಲ್ಯಕೀರ್ತಿ ಜೈನ. ರಾಷ್ಟ್ರಕೂಟ ಅಮೋಘವರ್ಷನ ಕಾಲದವನು. ಶಿವನ ಮಠದಲ್ಲಿ ಜೈನ ಮುನಿಯ ವ್ಯಾಕರಣ! ಆಗಿನವರಿಗೆ ಇದು ವಿಚಿತ್ರವೆನಿಸಿರಲಾರದು. ಪಕ್ಕದ ಸೊರಬ ಸೀಮೆಯ ಕುಬಟೂರಿನಲ್ಲಿ ಕದಂಬ ರಾಣಿ ಮಾಳಲದೇವಿ 11ನೇ ಶತಮಾನದಲ್ಲಿ ಬಸದಿಗೆ ದತ್ತಿ ಕೊಟ್ಟಾಗ, ಆ ಅಗ್ರಹಾರದ ಬ್ರಾಹ್ಮಣರೂ ಅದರಲ್ಲಿ ಕೂಡಿಕೊಂಡಿದ್ದರು.

ಕೌಮಾರವೆಂದರೆ ಶರ್ವವರ್ಮನ ಕಾತಂತ್ರ. ಅದರ ಹುಟ್ಟಿನ ಕಥೆ ತಮಾಷೆಯದು. ನೀರಾಟದಲ್ಲಿ ರಾಣಿ ‘ನೀರೆರಚಬೇಡ’ ಎಂದು ಸಂಸ್ಕೃತದಲ್ಲಿ (‘ಮಾ ಉದಕೈಃ’ ಕೂಡಿ ‘ಮೋದಕೈಃ’) ಹೇಳಿದ್ದನ್ನು ಸಂಧಿ ಬಿಡಿಸಲು ಬಾರದ ಸಾತವಾಹನ ರಾಜ ‘ಮೋದಕ’ ಎಂದು ಕೇಳಿಸಿಕೊಂಡು ಕಡುಬು ತರಿಸಿದನಂತೆ. ನಗೆಪಾಟಲಾದ ರಾಜನಿಗೆ ಆರೇ ತಿಂಗಳಲ್ಲಿ ಕಲಿಸಲು ಈ ಪುಸ್ತಕ ಸಿದ್ಧವಾಯಿತಂತೆ.

ಪಾಣಿನಿಯ ಲೆಕ್ಕದಲ್ಲಿ ಪದಗಳು ಎರಡೇ ಬಗೆ: ನಾಮವಿಭಕ್ತಿ ಹತ್ತಿದ ಸುಬಂತ, ಕ್ರಿಯಾಪ್ರತ್ಯಯ ಹತ್ತಿದ ತಿಙಂತ. ಆದರೆ ಅವನ ಸುಮಾರು 4000 ಸೂತ್ರಗಳು ಆ ಕ್ರಮದಲ್ಲಿಲ್ಲ. ಒಂದು ರೂಪ ಸಾಧಿಸಲು ಹುಡುಗ ಎಂಟೂ ಅಧ್ಯಾಯ ತಡಕಬೇಕು. ಧರ್ಮಕೀರ್ತಿಯೆಂಬ ಬೌದ್ಧ ಪಂಡಿತ ಅವನ್ನು ಬಿಚ್ಚಿ, ನಾಮದ್ದು ಮೊದಲು, ಧಾತುವಿನದು ಆಮೇಲೆ ಎಂದು ಜೋಡಿಸಿ ‘ರೂಪಾವತಾರ’ ಮಾಡಿದ.

ಆ ಪಠ್ಯ ಇದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೂ ಬಂದಿತ್ತು. ಕದಂಬ ವಂಶದ ಸ್ಥಾಪಕ, ಇದೇ ಊರಿನ ಮಯೂರಶರ್ಮ 4ನೇ ಶತಮಾನದಲ್ಲಿ ಓದಿಗಾಗಿ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋಗಿದ್ದ. ಅಲ್ಲಿನ ಶಾಸನವೊಂದರ ಪ್ರಕಾರ, 1158ರ ಹೊತ್ತಿಗೆ ಊರಲ್ಲೇ ರೂಪಾವತಾರ ಮತ್ತು ನ್ಯಾಸವೆಂಬ ವ್ಯಾಕರಣ ವ್ಯಾಖ್ಯಾನ ಹೇಳಿಕೊಡುವವರಿಗೆ ದತ್ತಿಯಲ್ಲಿ ಪಾಲು ಗೊತ್ತಾಗಿತ್ತು. ಅದೇ ಶಾಸನದಲ್ಲಿ ವೇದ ಹೇಳುವವರ ಜೊತೆಗೆ ಕನ್ನಡ ಅಕ್ಷರ ಕಲಿಸುವವರಿಗೂ ಒಂದು ಪಾಲಿದೆ.