ಸಂಪರ್ಕ ಕಡಿಯಲು ಹೊರಟ ಸೇನಾನಿ

1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲಲು ನಡೆದ ಯತ್ನದ ಬಗ್ಗೆ ಓದಿದವರಿಗೆ ಕೈಚೀಲದಲ್ಲಿ ಬಾಂಬ್ ಒಯ್ದ ಕರ್ನಲ್ ಸ್ಟೌಫೆನ್‌ಬರ್ಗ್ ನೆನಪಿರುತ್ತಾನೆ. ಅದೇ ದಿನ ಅದೇ ಆವರಣದಲ್ಲಿ, ಹೊರಜಗತ್ತಿನೊಂದಿಗಿನ ಸಂಪರ್ಕ ಕಡಿಯುವ ಹೊಣೆ ಹೊತ್ತಿದ್ದ ಜನರಲ್ ಎರಿಶ್ ಫೆಲ್ಗೀಬೆಲ್‌ನ ಹೆಸರು ಹೆಚ್ಚಾಗಿ ಅಡಿಟಿಪ್ಪಣಿಗಳಲ್ಲೇ ಉಳಿದಿದೆ. ಬಂದಾಗಲೂ ಒಂದು ದೂರಿನ ಜೊತೆಗೇ ಬರುತ್ತದೆ: ಒಪ್ಪಿಕೊಂಡ ಕೆಲಸವನ್ನು ಆತ ಪೂರ್ತಿ ಮಾಡಲಿಲ್ಲ. ಸೇನಾ ಸಂಪರ್ಕದ ಇತಿಹಾಸವನ್ನು ಪಿಎಚ್.ಡಿ.ಗಾಗಿ ಓದುತ್ತಿರುವ ನನಗೆ ಈ ದೂರು ಅರ್ಧ ಸತ್ಯ ಅನ್ನಿಸುತ್ತದೆ.

ಫೆಲ್ಗೀಬೆಲ್ ಹುಟ್ಟಿದ್ದು 1886ರಲ್ಲಿ, ಬ್ರೆಸ್ಲಾವ್ ಬಳಿ. ಆ ಊರು ಈಗ ಪೋಲೆಂಡಿನಲ್ಲಿದೆ. 1905ರಲ್ಲಿ ಟೆಲಿಗ್ರಾಫ್ ಬೆಟಾಲಿಯನ್ ಸೇರಿದವನು ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಜರ್ಮನ್ ಸೇನೆಯ ಸಂಪರ್ಕ ವ್ಯವಸ್ಥೆಯ ಮುಖ್ಯಸ್ಥನಾಗಿದ್ದ. 1940ರಲ್ಲಿ ಫ್ರಾನ್ಸ್ ಆರೇ ವಾರಗಳಲ್ಲಿ ಸೋತದ್ದಕ್ಕೆ ಎಲ್ಲರೂ ಜರ್ಮನ್ ಟ್ಯಾಂಕುಗಳನ್ನು ಹೊಗಳುತ್ತಾರೆ. ಆದರೆ ಆ ಟ್ಯಾಂಕುಗಳು ಒಂದರೊಡನೊಂದು ಮಾತಾಡುತ್ತಿದ್ದವು. ಗುಡೇರಿಯನ್‌ನಂಥ ದಂಡನಾಯಕ ರೇಡಿಯೊ ಮತ್ತು ಎನಿಗ್ಮಾ ಯಂತ್ರವಿದ್ದ ವಾಹನದಲ್ಲಿ ಕೂತು ಮುಂಚೂಣಿಯಿಂದಲೇ ಆದೇಶ ಕೊಡುತ್ತಿದ್ದ. ಅತ್ತ ಫ್ರೆಂಚ್ ಸೇನಾಪತಿ ಗಾಮ್ಲಾನ್‌ನ ವಿನ್ಸೆನ್ ಕೋಟೆಯಲ್ಲಿ ರೇಡಿಯೊ ಕೂಡ ಇರಲಿಲ್ಲ. ಈ ಅಂತರದ ಹಿಂದೆ ಫೆಲ್ಗೀಬೆಲ್‌ನಂಥವರ ವರ್ಷಗಳ ದುಡಿಮೆಯಿತ್ತು. ಅದೇ ವರ್ಷ ಆತ ಸಂಪರ್ಕ ಪಡೆಯ ಜನರಲ್ ಆದ.

ಸಂಪರ್ಕ ಅಧಿಕಾರಿಯ ಕಸುಬಿನ ಮೊದಲ ಪಾಠವೇ ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರಬೇಕು ಎನ್ನುವುದು. ದೂರವಾಣಿ ಕೆಟ್ಟರೆ ಟೆಲಿಪ್ರಿಂಟರ್, ಕೇಬಲ್ ಕಡಿದರೆ ರೇಡಿಯೊ, ಒಂದು ವಿನಿಮಯ ಕೇಂದ್ರ ಹೋದರೆ ಮತ್ತೊಂದು. ಹಾಗೆ ಹೆಣೆದ ಜಾಲವನ್ನು ಒಂದೇ ಗುಂಡಿ ಒತ್ತಿ ನಿಲ್ಲಿಸಲಾಗದು. ತಾನು ಜೀವಮಾನವಿಡೀ ಕಲಿತದ್ದರ ವಿರುದ್ಧವೇ ಆತ ಆ ದಿನ ಕೆಲಸ ಮಾಡಬೇಕಿತ್ತು.

ಮಧ್ಯಾಹ್ನ 12.42ರ ಸುಮಾರಿಗೆ ಪೂರ್ವ ಪ್ರಷ್ಯಾದ 'ತೋಳದ ಬಿಲ'ದಲ್ಲಿ ಬಾಂಬ್ ಸಿಡಿಯಿತು. ಹಿಟ್ಲರ್ ಸತ್ತನೆಂದೇ ನಂಬಿ ಸ್ಟೌಫೆನ್‌ಬರ್ಗ್ ಬರ್ಲಿನ್‌ಗೆ ಹಾರಿದ. ಅಲ್ಲೇ ಉಳಿದ ಫೆಲ್ಗೀಬೆಲ್‌ಗೆ ಹಿಟ್ಲರ್ ನಡೆದಾಡುತ್ತಿರುವುದು ಕಣ್ಣಿಗೇ ಬಿತ್ತು. ಬಾಂಬ್ ಸಿಡಿದೂ ಆತ ಬದುಕಿದರೆ ಏನು ಮಾಡಬೇಕೆಂದು ಪಿತೂರಿಗಾರರು ಸ್ಪಷ್ಟವಾಗಿ ಗೊತ್ತುಮಾಡಿಕೊಂಡಿರಲಿಲ್ಲ. ಫೆಲ್ಗೀಬೆಲ್ ಬರ್ಲಿನ್‌ಗೆ ನಿಜ ಸುದ್ದಿ ಮುಟ್ಟಿಸಿದ, ಜೊತೆಗೆ ಹೊರಹೋಗುವ ಕರೆಗಳನ್ನೂ ತಡೆಯಲು ನೋಡಿದ. ಸುದ್ದಿ ಹೊರಬೀಳಬಾರದೆಂದು ಹಿಟ್ಲರನ ಆಪ್ತರೂ ಬಯಸಿದ್ದರಿಂದ ಸ್ವಲ್ಪ ಹೊತ್ತು ಆ ತಡೆ ನಡೆಯಿತು. ಸಂಜೆಯೊಳಗೆ ಸಂಪರ್ಕ ಮರಳಿತು. ಬರ್ಲಿನ್ನಿನಲ್ಲಿದ್ದ ಮೇಜರ್ ರೇಮರ್ ದೂರವಾಣಿಯಲ್ಲಿ ಹಿಟ್ಲರನ ದನಿಯನ್ನೇ ಕೇಳಿದ. ಅವನ ತುಕಡಿ ಪಿತೂರಿಗಾರರ ವಿರುದ್ಧ ತಿರುಗಿತು, ಬಂಡಾಯ ಕುಸಿಯಿತು.

ರಾಮಾಯಣದಲ್ಲಿ ಹನುಮಂತನನ್ನು ಕೊಲ್ಲಹೊರಟ ರಾವಣನಿಗೆ ವಿಭೀಷಣ ಹೇಳುವ ನೀತಿ ನಮಗೆಲ್ಲ ಗೊತ್ತು: ದೂತನನ್ನು ಕೊಲ್ಲಬಾರದು. ಮಾತು ಅವನದಲ್ಲ, ಕಳಿಸಿದವನದು ಎಂಬುದು ಅದರ ತರ್ಕ. ಈ ರಕ್ಷಣೆಗೆ ಇನ್ನೊಂದು ಮುಖವೂ ಇದೆ. ಬರೀ ತಲುಪಿಸಿದೆ ಎನ್ನುವವನು ತಲುಪಿಸಿದ ಮಾತಿನ ಪಾಪದಿಂದಲೂ ನುಣುಚಿಕೊಳ್ಳಬಹುದು. ಫೆಲ್ಗೀಬೆಲ್‌ನ ತಂತಿಗಳ ಮೇಲೆ ಹರಿದದ್ದು ಬರೀ ಟ್ಯಾಂಕುಗಳ ಲೆಕ್ಕವಲ್ಲ. ಪೋಲೆಂಡ್, ರಷ್ಯಾಗಳ ಮೇಲಿನ ಆಕ್ರಮಣದ ಆದೇಶಗಳೂ ಹರಿದವು. ಆ ವರ್ಷಗಳನ್ನು ಜುಲೈ 20ರ ಒಂದು ಮಧ್ಯಾಹ್ನ ಅಳಿಸಿಹಾಕಲಾರದು. ಆದರೆ ಅಂದು ಆತ ದೂತನ ಆಶ್ರಯ ಬಿಟ್ಟು ಹೊರಬಂದ. ಯಾವ ಮಾತು ತಲುಪಬೇಕು, ಯಾವುದು ತಲುಪಬಾರದು ಎಂದು ತಾನೇ ನಿರ್ಧರಿಸಿದ.

ಅದೇ ರಾತ್ರಿ ಬಂಧನವಾಯಿತು. ಚಿತ್ರಹಿಂಸೆಯ ನಂತರ ಆಗಸ್ಟ್ 10ರಂದು 'ಜನತಾ ನ್ಯಾಯಾಲಯ' ಮರಣದಂಡನೆ ವಿಧಿಸಿತು. ಸೆಪ್ಟೆಂಬರ್ 4ರಂದು ಬರ್ಲಿನ್ನಿನ ಪ್ಲೋಟ್ಸೆನ್‌ಸೇ ಸೆರೆಮನೆಯಲ್ಲಿ ಆತನನ್ನು ಕೊಂದರು. ಮುಂದೆ ಜರ್ಮನ್ ಸೇನೆ ಬವೇರಿಯಾದ ಪೋಕಿಂಗ್‌ನಲ್ಲಿರುವ ಒಂದು ಸೇನಾನೆಲೆಗೆ ಆತನ ಹೆಸರಿಟ್ಟಿತು. ಸಂಪರ್ಕ ತಂತ್ರಜ್ಞಾನದ ತರಬೇತಿ ನಡೆದದ್ದು ಅಲ್ಲೇ. ಅಲ್ಲಿ ಕಲಿಯಲು ಬಂದ ಸೈನಿಕರು, ಸಂಪರ್ಕ ಕಡಿಯದಂತೆ ಕಾಯುವ ವಿದ್ಯೆಯನ್ನು ಅದನ್ನು ಕಡಿಯಲು ಹೊರಟವನ ಹೆಸರಿನಡಿ ಕಲಿತರು.