ಆಧಾರ ಇಲ್ಲ ಅನ್ನಬೇಡಿ

ಮೊನ್ನೆ ಯಾದಗಿರಿಯಲ್ಲಿ ಒಂದು ಕೌಂಟರಿನ ಮುಂದೆ ಪಾಳಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಮುದುಕಿಗೆ ಒಳಗಿನ ಹುಡುಗ ತಲೆ ಎತ್ತದೆ, "ಯವ್ವಾ, ನಿಂಗ ಆಧಾರ ಇಲ್ಲ, ಬಾಜೂ ಸರಿ" ಅಂದ. ಆಕೆ ಕೈಚೀಲ ಎದೆಗವಚಿಕೊಂಡು, "ಖರೇ ಅದಪ್ಪಾ. ಮಗ ಸೊಸಿ ಬೆಂಗಳೂರಿಗಿ ದುಡಿಲಾಕ ಹೋಗ್ಯಾರ. ನಂಗ್ಯಾರು ಆಧಾರ?" ಅಂದಳು. ಪಾಳಿಯಲ್ಲಿ ಯಾರೂ ನಗಲಿಲ್ಲ. ಆ ಮಾತು ಅಲ್ಲಿದ್ದ ಅರ್ಧ ಜನರ ಮನೆಯ ಮಾತಾಗಿತ್ತು.

ಮೊದಲ ಆಧಾರ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲು ನಮ್ಮ ಕಡೆ ಆಧಾರ ಅಂದರೆ ಬಳ್ಳಿಗೆ ಊರಿದ ಕೋಲು, ಮುಪ್ಪಿಗೆ ಆಗುವ ಮಗ, ಮತ್ತೆ ಮೈಯೊಳಗಿನ ಮೊದಲ ಚಕ್ರ. ಈ ಮೂರನೆಯದನ್ನು ಕೇಳಿ ಹೊರಗಿನವರು ಹುಬ್ಬೇರಿಸುತ್ತಾರೆ. ಆದರೆ ಇದು ತಿಂಥಣಿ ಮೌನೇಶ್ವರನ ನೆಲ, ಕೊಡೇಕಲ್ ಬಸವಣ್ಣನ ನೆಲ. ಆಚೆಗೆ ಕಡಕೋಳ ಮಡಿವಾಳಪ್ಪನ ಊರು. ಅಕ್ಷರ ಬಾರದವರೂ ಅಮಾಸಿ ಭಜನೆಯಲ್ಲಿ ಏಕತಾರಿ, ದಮ್ಮಡಿ ಹಿಡಿದು ಆರು ಚಕ್ರ ಹತ್ತಿ ಇಳಿಯುತ್ತಿದ್ದರು. ಶರಣರ ಷಟ್‌ಸ್ಥಲದ ಲೆಕ್ಕದಲ್ಲಿ ಆಧಾರ ಭಕ್ತನ ಜಾಗ, ಅದರ ತತ್ವ ಮಣ್ಣು. ಮೇಲೆ ಆಜ್ಞೆಯಲ್ಲಿ ಐಕ್ಯ. ಯೋಗದ ಪುಸ್ತಕಗಳು 'ಮೂಲಾಧಾರ' ಅನ್ನುತ್ತವೆ. ನಮ್ಮ ಪದಗಾರರಿಗೆ ಬರೀ 'ಆಧಾರ' ಸಾಕು.

ಅದನ್ನು ನಾನು ಕಲಿತದ್ದು ಶಹಾಪುರದ ಕಡೆಯ ನಮ್ಮ ಸೋದರಮಾವನ ಕಣದಲ್ಲಿ. ಹಿಂಗಾರಿ ಜೋಳದ ರಾಶಿ. ಸೆಗಣಿ ಸಾರಿಸಿದ ಕಣದ ನಟ್ಟನಡುವೆ ಮೇಟಿ ಹುಗಿದಿದ್ದರು, ಆಳೆತ್ತರದ ಮರದ ಕಂಬ. ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ಸುತ್ತಿಸುವುದೇ ಹಂತಿ. ಮೇಟಿಗೆ ಹತ್ತಿದ ಎತ್ತು ವಯಸ್ಸಾದದ್ದು, ನಿಂತಲ್ಲೇ ತಿರುಗಿದ ಹಾಗೆ ಮೆಲ್ಲಗೆ ಹೆಜ್ಜೆ ಹಾಕುತ್ತಿತ್ತು. ಹೊರ ತುದಿಯ ಹೋರಿ ಓಡಬೇಕಿತ್ತು. ಹಿಂದೆ ಹಂತಿಪದ ಹೇಳುತ್ತ ಒಬ್ಬ ಮುದುಕ. ನಾವು ಅವನಿಗೆ ಕಾಕಾ ಅನ್ನುತ್ತಿದ್ದೆವು. ನಡುರಾತ್ರಿ ದಾಟಿದ ಮೇಲೆ ಹಂತಿಪದ ತತ್ವಪದಕ್ಕೆ ಹೊರಳುತ್ತಿತ್ತು. ಒಮ್ಮೆ ನಾನು, ಆಧಾರಚಕ್ರ ಅಂದ್ರ ಏನು ಕಾಕಾ ಅಂತ ಕೇಳಿದೆ. ಅವನು ಹಂತಿ ನಿಲ್ಲಿಸಿ ನನ್ನ ಕೈ ಹಿಡಿದು ಮೇಟಿಯ ಬುಡಕ್ಕೆ ಇಟ್ಟ. ಹಗ್ಗ ಉಜ್ಜಿ ಉಜ್ಜಿ ಅಲ್ಲಿ ಕಟ್ಟಿಗೆ ನುಣ್ಣಗಾಗಿ ಇನ್ನೂ ಬೆಚ್ಚಗಿತ್ತು. "ಇದು ಆಧಾರ. ಅವು ತಿರುಗೂದು ಚಕ್ರ. ಇದು ಕಿತ್ತಿತಂದ್ರ ಎತ್ತು ಹೊಲ ಬೀಳತಾವ" ಅಂದ. ನಾನು ಆಮೇಲೆ ಓದಿದ ಯಾವ ಯೋಗಶಾಸ್ತ್ರದ ಟೀಕೆಯೂ ಇಷ್ಟು ತಿಳಿಯಾಗಿ ಹೇಳಲಿಲ್ಲ.

ಅಂದಿನಿಂದ ನನ್ನದೊಂದು ವಾದವಿದೆ. ನಮ್ಮ ಹಳ್ಳಿಗಳಲ್ಲಿ ಬಂಡಿಗೆ ಇರುವುದು ಗಾಲಿ. ಅದನ್ನು ಚಕ್ರ ಅಂದವರನ್ನು ನಾನು ಕಾಣೆ. ಹಾಗಾಗಿ ಪದಗಾರ 'ಚಕ್ರ' ಅಂದಾಗ ಕೇಳುವವನ ಕಣ್ಣಿಗೆ ಕಟ್ಟಿದ್ದು ಗಾಲಿಯಲ್ಲ, ಹಂತಿಯ ಸುತ್ತು. 'ಮೇಟಿ ವಿದ್ಯೆ'ಯನ್ನು ಬೇಸಾಯ ಎಂದಷ್ಟೇ ಹೇಳಿ ಮುಗಿಸುವವರ ಜೊತೆಗೂ ನನ್ನ ತಕರಾರಿದೆ. ಅದು ಮೊದಲು ಆ ಕಂಬದ ವಿದ್ಯೆ.

ಇನ್ನೊಂದು ಸೊಗಸು ಹೇಳಲೇಬೇಕು. ಪೂರ್ಣಾನಂದರು 1577ರಲ್ಲಿ ಬರೆದ ಷಟ್‌ಚಕ್ರನಿರೂಪಣದ ಲೆಕ್ಕದಲ್ಲಿ ಆರು ಕಮಲಗಳಿಗೆ ಕೆಳಗಿನಿಂದ 4, 6, 10, 12, 16, 2 ಎಸಳು. ಒಟ್ಟು 50, ಎಸಳಿಗೊಂದು ಅಕ್ಷರ. ಸ್ವರಗಳೆಲ್ಲ ಕಂಠದ ವಿಶುದ್ಧಿಯಲ್ಲಿ. ಹಾಗಾದರೆ 'ಆಧಾರ' ಎಂದು ನಿಧಾನ ಅಂದು ನೋಡಿ: ಆ ಕಂಠದಲ್ಲಿ, ಧ ಹೊಕ್ಕುಳ ಹತ್ತಿರದ ಮಣಿಪೂರದಲ್ಲಿ, ರ ಅದಕ್ಕೂ ಕೆಳಗಿನ ಸ್ವಾಧಿಷ್ಠಾನದಲ್ಲಿ. ಪದ ಮೆಟ್ಟಿಲು ಮೆಟ್ಟಿಲಾಗಿ ಬುಡದ ಕಡೆಗೆ ಇಳಿಯುತ್ತದೆ. ನಮ್ಮವರು 'ಆದಾರ' ಅಂದರೂ ದಾರಿ ತಪ್ಪುವುದಿಲ್ಲ, ದ-ಧ ಎರಡೂ ಅಲ್ಲೇ ನೆರೆಹೊರೆ. ಉಳಿದ ಒಂದು ಮೆಟ್ಟಿಲನ್ನು ಮಾತಿಲ್ಲದೆ ಇಳಿಯಬೇಕು ಎಂದು ನಾನು ಓದಿಕೊಳ್ಳುತ್ತೇನೆ.

ಈಗ ಮೊಬೈಲಿನಲ್ಲಿ ಕೇಳುವುದೇ ಬೇರೆ. "ನಿಮ್ಮ ಮೂಲಾಧಾರ ಬ್ಲಾಕ್ ಆಗಿದೆ, ಕೆಂಪು ಬಟ್ಟೆ ಹಾಕಿ; ಮಣಿಪೂರಕ್ಕೆ ಹಳದಿ." ಚಕ್ರಗಳಿಗೆ ಕಾಮನಬಿಲ್ಲಿನ ಬಣ್ಣ ಹಚ್ಚಿದ್ದು ಇಪ್ಪತ್ತನೇ ಶತಮಾನ. ಪೂರ್ಣಾನಂದರ ಮಣಿಪೂರದ ಎಸಳು ಮಳೆ ತುಂಬಿದ ಮೋಡದ ಬಣ್ಣದ್ದು. ಮೋರಿ ಬ್ಲಾಕ್ ಆಗುತ್ತದೆ, ನಂಬರು ಬ್ಲಾಕ್ ಆಗುತ್ತದೆ. ಆಧಾರ ಕಟ್ಟಿಕೊಳ್ಳುವಂಥದ್ದಲ್ಲ, ಹಿಡಿದು ನಿಲ್ಲಿಸುವಂಥದ್ದು. ಒಳಗೆ ಊರಿ ನಿಲ್ಲುವ ಜಾಗಕ್ಕೆ ಇಟ್ಟ ಹೆಸರನ್ನು ಒಂದು ಕಡೆ ಕಾಯಿಲೆಯಾಗಿ, ಇನ್ನೊಂದು ಕಡೆ ದಾಖಲೆಯಾಗಿ ಮಾಡಿಕೊಂಡಿದ್ದೇವೆ. ನನಗೆ ಇದು ನೋವಿನ ಸಂಗತಿ.

ಕೌಂಟರಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ; ಅವನ ಹಿಂದೆಯೂ ಉದ್ದ ಕೆಲಸವಿತ್ತು. ಅವನಂಥ ಎಲ್ಲರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಕಾರ್ಡು ತರದವರಿಗೆ 'ಕಾರ್ಡು ಇಲ್ಲ' ಅನ್ನಿ, ನಂಬರು ಕೂಡದವರಿಗೆ 'ನಂಬರು ಕೂಡ್ತಿಲ್ಲ' ಅನ್ನಿ. ಸುರಪುರ, ಶಹಾಪುರದ ಹಳ್ಳಿಗಳಿಂದ ಮಕ್ಕಳನ್ನು ದುಡಿಯಲು ಕಳಿಸಿ ಒಬ್ಬಳೇ ಬಂದು ನಿಂತ ತಾಯಿಗೆ 'ನಿಂಗ ಆಧಾರ ಇಲ್ಲ' ಅನ್ನಬೇಡಿ.