ಚಾವಡಿಯ ಮಾತು, ಠಾಣೆಯ ಕಿವಿ

1860ರ ಭಾರತೀಯ ದಂಡ ಸಂಹಿತೆಯ 330ನೇ ಕಲಮಿನ ಕೆಳಗೆ ಕೆಲವು ಉದಾಹರಣೆಗಳಿದ್ದವು. ಬಲವಂತದ ತಪ್ಪೊಪ್ಪಿಗೆಯ ಬಗ್ಗೆ ಇರುವ ಕಲಮು ಅದು. ಹೊಡೆದು ಬಾಯಿಬಿಡಿಸುವ ಪೊಲೀಸಿನವನ ಉದಾಹರಣೆ ಅಲ್ಲಿರುವುದು ಸಹಜ. ಆದರೆ ಅವನ ಪಕ್ಕದಲ್ಲೇ ಕಂದಾಯದ ಬಾಕಿ ಕಕ್ಕಿಸಲು ಚಿತ್ರಹಿಂಸೆ ಕೊಡುವ ರೆವಿನ್ಯೂ ಅಧಿಕಾರಿಯೂ ಇದ್ದಾನೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮಿಗೂ ಈತ ದಾಟಿಕೊಂಡಿದ್ದಾನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಆಡಳಿತದ ಚರಿತ್ರೆ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಇಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಕಂದಾಯ ವಸೂಲಿಯವನೇ ಪೊಲೀಸು. ಅಧಿಕಾರದಲ್ಲಿದ್ದವರು ಪೊಲೀಸರನ್ನು ತಮ್ಮ ಮಾತಿನಂತೆ ನಡೆಸುವುದು ಈಚಿನ ರಾಜಕೀಯದ ಕೇಡು, ಹಿಂದೆ ಹೀಗಿರಲಿಲ್ಲ ಎಂದು ಹೇಳುವವರು ಬಹಳ. ಹಿಂದೆ ಇದ್ದದ್ದು ಇದಕ್ಕಿಂತ ಕಡೆ, ಆದರೆ ಆಗ ಅದಕ್ಕೆ ಪ್ರಭಾವ ಎಂಬ ಹೆಸರಿರಲಿಲ್ಲ, ಅದೇ ನಿಯಮವಾಗಿತ್ತು ಎಂಬುದು ನನ್ನ ವಾದ. ಈ ಇನ್ನೂರು ವರ್ಷಗಳಲ್ಲಿ ಫಲ ಕೊಟ್ಟ ಪರಿಹಾರವೆಂದರೆ ಒಂದೇ: ದೂರು ಕೇಳುವವನನ್ನು, ದೂರಿಗೆ ಗುರಿಯಾದವನ ಹಿಡಿತದಿಂದ ಹೊರಗಿಟ್ಟದ್ದು.

1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಊರುಗಳಿದ್ದ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮೊದಲ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು, ನಂದಾವರದ ಬಂಗರು ಆ ಹೊತ್ತಿಗೆ ಹೆಸರಿಗೆ ಮಾತ್ರ ಅರಸರು. ಊರಿನ ನಿಜವಾದ ಹಿಡಿತ ಗುತ್ತುಬಾರಿಕೆಗಳೆಂಬ ದೊಡ್ಡ ಮನೆತನಗಳ ಯಜಮಾನರ ಕೈಯಲ್ಲಿತ್ತು. ಮೊದಲು ಕಂಪನಿ ಬಂಗಾಳದ ಮಾದರಿಯಲ್ಲಿ ಪೊಲೀಸನ್ನು ಜಿಲ್ಲಾ ನ್ಯಾಯಾಧೀಶನ ಕೆಳಗಿಟ್ಟಿತ್ತು. ಅದು ಈ ದೇಶಕ್ಕೆ ಒಗ್ಗುವುದಿಲ್ಲವೆಂದು ಹಟ ಹಿಡಿದವನು ಇದೇ ಮನ್ರೋ. ಅವನ ಶಿಫಾರಸಿನಂತೆ 1816ರಲ್ಲಿ ಮದ್ರಾಸ್ ಸರಕಾರ ಹೊಸ ರೆಗ್ಯುಲೇಷನ್‌ಗಳನ್ನು ತಂದು, ಕಲೆಕ್ಟರನನ್ನೇ ಮ್ಯಾಜಿಸ್ಟ್ರೇಟ್ ಮಾಡಿತು. ತಾಲೂಕಿನಲ್ಲಿ ತಹಶೀಲ್ದಾರ, ಊರಿನಲ್ಲಿ ಪಟೇಲ ಪೊಲೀಸ್ ಮುಖ್ಯಸ್ಥರಾದರು. ಗುತ್ತಿನ ಯಜಮಾನರೇ ಪಟೇಲರಾದ ಊರುಗಳು ಎಷ್ಟೋ. ಸಣ್ಣಪುಟ್ಟ ಬೈಗುಳ, ಹೊಡೆದಾಟಗಳಿಗೆ ಪಟೇಲನು ಆರೋಪಿಯನ್ನು ಹನ್ನೆರಡು ಗಂಟೆ ಚಾವಡಿಯಲ್ಲಿ ಕೂಡಿಹಾಕಬಹುದಿತ್ತು. ಕೆಳಜಾತಿಯವನೆನಿಸಿದರೆ ಆರು ಗಂಟೆ ಕಾಲುಗಳನ್ನು ಕೊರಡಿನ ತೂತಿಗೆ ಸಿಕ್ಕಿಸಿ ಕೂರಿಸಬಹುದಿತ್ತು. 1816ರ ಹನ್ನೊಂದನೇ ರೆಗ್ಯುಲೇಷನ್ನಿನಲ್ಲಿ ಇದು ಬರವಣಿಗೆಯಲ್ಲೇ ಇದೆ. ಗೇಣಿ ತಗೊಳ್ಳುವವನು, ಕಂದಾಯ ಎತ್ತುವವನು, ಕೂಡಿಹಾಕುವವನು ಒಬ್ಬನೇ ಆದಾಗ ಒಕ್ಕಲಿನವನು ದೂರು ಕೊಡುವುದು ಯಾರಲ್ಲಿ? ಪಟೇಲನ ಮೇಲೆ ತಹಶೀಲ್ದಾರನಿಗೆ, ತಹಶೀಲ್ದಾರನ ಮೇಲೆ ಕಲೆಕ್ಟರನಿಗೆ. ಆ ಕಲೆಕ್ಟರನ ಯೋಗ್ಯತೆಯನ್ನು ಸರಕಾರ ಅಳೆಯುತ್ತಿದ್ದುದು ತಹಶೀಲ್ದಾರ ಎತ್ತಿಕೊಟ್ಟ ಕಂದಾಯದಿಂದ. 1830–31ರಲ್ಲಿ ಕೆನರಾದ ರೈತರು ಕೂಟಗಳನ್ನು ಕಟ್ಟಿ ಕಂದಾಯ ತಡೆಹಿಡಿದು ಒಟ್ಟಾಗಿ ಅರ್ಜಿ ಹಿಡಿದು ನಿಂತದ್ದು ಬೆಳೆಹಾನಿಯಿಂದಲೂ ಹೌದು. ಒಬ್ಬೊಬ್ಬನೇ ದೂರಿದರೆ ಕೇಳುವವರಿಲ್ಲ ಎಂಬ ತಿಳಿವಳಿಕೆಯೂ ಅದರ ಹಿಂದೆ ಇದ್ದಿರಬೇಕು. ಕಂಪನಿಯ ವಿರುದ್ಧ 1837ರಲ್ಲಿ ಎದ್ದ ದಂಗೆಯ ದಂಡು ಸುಳ್ಯದಿಂದ ಬಂಟ್ವಾಳದ ದಾರಿಯಲ್ಲಿ ಮಂಗಳೂರಿಗೆ ಇಳಿದಾಗ ಜೈಲಿನ ಕೈದಿಗಳನ್ನು ಬಿಡಿಸಿದ್ದನ್ನೂ ಇಲ್ಲಿ ನೆನೆಯಬಹುದು.

ಬದಲಾವಣೆಗೆ ಕಾರಣವಾದದ್ದು ಒಂದು ವರದಿ. ಮದ್ರಾಸ್ ಪ್ರಾಂತದಲ್ಲಿ ಕಂದಾಯಕ್ಕಾಗಿ ಚಿತ್ರಹಿಂಸೆ ನಡೆಯುತ್ತದೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದು, ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ 1855ರಲ್ಲಿ ವರದಿ ಕೊಟ್ಟಿತು. ಎರಡು ಕೋಲುಗಳ ನಡುವೆ ಬೆರಳು ಸಿಕ್ಕಿಸಿ ಅಮುಕುವ ಕಿಟ್ಟಿ, ಮನುಷ್ಯನನ್ನು ಬಗ್ಗಿಸಿ ಕುತ್ತಿಗೆಗೂ ಕಾಲಿಗೂ ಹಗ್ಗ ಬಿಗಿದು ಬಿಸಿಲಿನಲ್ಲಿ ನಿಲ್ಲಿಸುವುದು, ಇವೆಲ್ಲ ಅದರಲ್ಲಿವೆ. ಓದುವವರು ಸಾಮಾನ್ಯವಾಗಿ ಈ ಪುಟಗಳಲ್ಲೇ ನಿಂತುಬಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಇನ್ನೊಂದು ಭಾಗ: ಪೆಟ್ಟು ತಿಂದವರು ದೂರಲಿಲ್ಲವೇಕೆ ಎಂಬ ವಿಚಾರಣೆ. ಕಚೇರಿ ದೂರ, ಖರ್ಚು ಹೆಚ್ಚು, ಕೆಳಗಿನ ಅಧಿಕಾರಿಗಳ ಹೆದರಿಕೆ, ಕೊನೆಗೆ ದೂರು ಅವರ ಕೈಗೇ ಮರಳಿ ಬರುವ ಭಯ. ಕಂದಾಯವನ್ನೂ ಪೊಲೀಸನ್ನೂ ಒಂದೇ ಕೈಯಲ್ಲಿಟ್ಟದ್ದೇ ಈ ಕೇಡಿನ ಬೇರು ಎಂಬುದಕ್ಕೆ ಆ ಪುಟಗಳೇ ಸಾಕ್ಷಿ. 1859ರ ಮದ್ರಾಸ್ ಪೊಲೀಸ್ ಕಾಯಿದೆ ಪ್ರತ್ಯೇಕ ಪೊಲೀಸ್ ಪಡೆ ಕಟ್ಟಿತು, ಇನ್ಸ್‌ಪೆಕ್ಟರ್ ಜನರಲ್ ಬಂದ. ತಹಶೀಲ್ದಾರನ ಪೇದೆ ಮತ್ತು ಪೊಲೀಸ್ ಪೇದೆ ಬೇರೆಬೇರೆಯಾದರು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲವೆಂದು 1861ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಹೇಳಿತು, 1872ರ ಸಾಕ್ಷ್ಯ ಕಾಯಿದೆ ಅದನ್ನು ಗಟ್ಟಿ ಮಾಡಿತು. ಆದರೆ ಕಲೆಕ್ಟರನು ಜಿಲ್ಲಾ ಮ್ಯಾಜಿಸ್ಟ್ರೇಟನಾಗಿ ಉಳಿದ. ಹಿಡಿಯುವವರು ಬೇರೆಯಾದರು, ವಿಚಾರಿಸುವವರು ಆಗಲಿಲ್ಲ. ಆ ಕೆಲಸಕ್ಕೆ ಸ್ವಾತಂತ್ರ್ಯವೇ ಬರಬೇಕಾಯಿತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂಬ ಸಂವಿಧಾನದ 50ನೇ ವಿಧಿಯ ಆಶಯಕ್ಕೆ ಮದ್ರಾಸ್ ರಾಜ್ಯ ಬೇಗನೆ ಕೈಹಾಕಿದ್ದರಿಂದ, 1956ರವರೆಗೆ ಅದರಲ್ಲಿದ್ದ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ದೇಶದ ಬಹುಭಾಗಕ್ಕಿಂತ ಮುಂದೆ ನಡೆಯಿತು. ದೇಶಕ್ಕೆಲ್ಲ ಅದು ಅನ್ವಯವಾದದ್ದು 1974ರಲ್ಲಿ.

ಇದಿಷ್ಟು ನೇರಗೆರೆಯ ಪ್ರಗತಿಯೆಂದು ಭಾವಿಸಬಾರದು. 2010ರಲ್ಲಿ ಮಂಗಳೂರು ಪೊಲೀಸ್ ಕಮಿಷನರೇಟ್ ಆದಾಗ ಮೂಡುಬಿದಿರೆ ಅದರ ಒಳಗೆ ಬಂತು. ಬಂಟ್ವಾಳ, ಬೆಳ್ತಂಗಡಿ ಜಿಲ್ಲಾ ಎಸ್‌ಪಿಯ ಕೆಳಗೇ ಉಳಿದವು. ಹೀಗಾಗಿ ಶಾಂತಿಭಂಗವಾದೀತೆಂದು ಮುಚ್ಚಳಿಕೆ ಬರೆಸಿಕೊಳ್ಳುವುದು, ಗಡಿಪಾರು ಮಾಡುವುದು ಬೆಳ್ತಂಗಡಿ ತಾಲೂಕಿನ ವೇಣೂರಿನವನಿಗೆ ಕಂದಾಯ ಇಲಾಖೆಯ ಅಧಿಕಾರಿಯಿಂದ. ಕೆಲವೇ ಮೈಲಿ ಆಚೆಯ ಮೂಡುಬಿದಿರೆಯವನಿಗೆ ಪೊಲೀಸ್ ಕಮಿಷನರರಿಂದ. ಹಿಡಿಯುವ ಇಲಾಖೆಯೇ ವಿಚಾರಿಸುವ ಈ ಏರ್ಪಾಡು ಸಣ್ಣ ಪ್ರಮಾಣದಲ್ಲಿ 1816ಕ್ಕೆ ಹಿಂದಿರುಗಿದಂತೆ. ಇಂಥದೇ ಅಧಿಕಾರವನ್ನು ಪೊಲೀಸ್ ಉಪ ಆಯುಕ್ತರಿಗೆ ಕೊಟ್ಟದ್ದನ್ನು ಮದ್ರಾಸ್ ಹೈಕೋರ್ಟ್ 2023ರಲ್ಲಿ ಒಪ್ಪಲಿಲ್ಲ.

ಇನ್ನು ಈಗಿನ ಪ್ರಶ್ನೆ. 2017ರ ಜೂನ್‌ನಲ್ಲಿ, ಕೋಮುಗಲಭೆಯ ದಿನಗಳಲ್ಲಿ, ಆಗಿನ ಜಿಲ್ಲಾ ಉಸ್ತುವಾರಿ ಸಚಿವರೂ ಬಂಟ್ವಾಳದ ಶಾಸಕರೂ ಆಗಿದ್ದ ಬಿ. ರಮಾನಾಥ ರೈ ಅವರು ಆರೆಸ್ಸೆಸ್ ನಾಯಕರೊಬ್ಬರನ್ನು ಬಂಧಿಸುವಂತೆ ಎಸ್‌ಪಿಗೆ ಗಡುಸಾಗಿ ಹೇಳುವ ವಿಡಿಯೊ ಹೊರಬಂತು. 2024ರ ಮೇ ತಿಂಗಳಲ್ಲಿ, ಅಕ್ರಮ ಕಲ್ಲಿನ ಕೋರೆಯ ಪ್ರಕರಣದಲ್ಲಿ ಬಂಧಿತನಾದ ಪಕ್ಷದ ಕಾರ್ಯಕರ್ತನ ಪರವಾಗಿ ಬೆಳ್ತಂಗಡಿ ಠಾಣೆಗೆ ಹೋಗಿ ಪೊಲೀಸರನ್ನು ಬೆದರಿಸಿದರೆಂಬ ಆರೋಪದ ಮೇಲೆ ಶಾಸಕ ಹರೀಶ್ ಪೂಂಜ ಅವರ ವಿರುದ್ಧ ಅದೇ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಬಿಜೆಪಿ. ಒಬ್ಬರು ಹಿಡಿಯಿರಿ ಎಂದವರು, ಇನ್ನೊಬ್ಬರ ಮೇಲಿರುವುದು ಬಿಡಿಸಲು ಹೋದ ಆರೋಪ. ಸಾಬೀತಾಯಿತೇ ಎಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ನಾವು ನೋಡಬೇಕಾದದ್ದು ಕಾನೂನು ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು. ಠಾಣೆಯಲ್ಲಿ ಕೂಗಾಡಿದರೆ ಕರ್ತವ್ಯಕ್ಕೆ ಅಡ್ಡಿ ಎಂಬ ಕಲಮು ಸಿದ್ಧವಾಗಿದೆ. ಇನ್ನೊಬ್ಬರಿಗೆ ಹಾನಿ ಮಾಡಲೆಂದು ಕಾನೂನು ಮೀರಿದ ಸಾರ್ವಜನಿಕ ನೌಕರನಿಗೆ ಹಳೆಯ 166, ಈಗಿನ 198ನೇ ಕಲಮು ಒಂದು ವರ್ಷದವರೆಗೆ ಸಜೆ ಹೇಳುತ್ತದೆ. ಸಚಿವರು ಸಾರ್ವಜನಿಕ ನೌಕರರು. ಆದರೆ ಶಾಸಕರು ದಂಡ ಸಂಹಿತೆಯ ಅರ್ಥದಲ್ಲಿ ಹಾಗಲ್ಲವೆಂದು 1984ರ ಅಂತುಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯಲ್ಲಿ ಕೂತು ಮೆಲುದನಿಯಲ್ಲಿ ಫೋನು ಮಾಡುವ ಶಾಸಕರನ್ನು ಹಿಡಿಯಲು ಕಾನೂನಿಗೆ ಕೈಯೇ ಸಾಲದು. ಗದ್ದಲ ಮಾಡಿದವರು ಸಿಕ್ಕಿಬೀಳುತ್ತಾರೆ, ಜಾಣರು ಪಾರಾಗುತ್ತಾರೆ.

ಜನಪ್ರತಿನಿಧಿ ತನ್ನ ಜನರ ಪರವಾಗಿ ಠಾಣೆಗೆ ಮಾತಾಡಲೇಬಾರದೇ ಎಂದು ಕೇಳುವವರಿದ್ದಾರೆ, ಆ ಪ್ರಶ್ನೆಯಲ್ಲಿ ಸತ್ವವಿದೆ. ಮಲೆಕುಡಿಯರ ಹಾಡಿಯ ಮನುಷ್ಯನ ದೂರನ್ನು ಠಾಣೆಯವರು ತಗೊಳ್ಳದಿದ್ದಾಗ ಶಾಸಕರ ಒಂದು ಫೋನೇ ಅವನಿಗೆ ಗತಿಯಾಗಬಹುದು. ಪೊಲೀಸರನ್ನು ಯಾರೂ ಕೇಳದಂತೆ ಬಿಟ್ಟರೆ ಅವರೇ ಹೊಸ ಪಟೇಲರಾಗುತ್ತಾರೆ. ಆದರೆ ದೂರು ದಾಖಲಿಸಿ ಎನ್ನುವುದು ಬೇರೆ, ಇಂಥವನನ್ನು ಹಿಡಿಯಿರಿ, ಇಂಥವನನ್ನು ಬಿಡಿ ಎನ್ನುವುದು ಬೇರೆ. ಮೊದಲನೆಯದನ್ನು ಕಾನೂನೇ ಕಡ್ಡಾಯ ಮಾಡಿದೆ. ಎರಡನೆಯದರ ತೀರ್ಮಾನ ತನಿಖಾಧಿಕಾರಿಯದೇ ಹೊಣೆಯೆಂದು ಸುಪ್ರೀಂ ಕೋರ್ಟಿನ 1997ರ ವಿನೀತ್ ನಾರಾಯಣ್ ತೀರ್ಪಿನಲ್ಲಿದೆ. ಮೌಖಿಕ ಆದೇಶಗಳಂತೆ ನಡೆಯಬಾರದು, ಅವನ್ನು ಬರೆದಿಡಬೇಕು ಎಂದು 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಕೋರ್ಟು ಅಧಿಕಾರಿಗಳಿಗೆ ಹೇಳಿತು. ಜನಹಿತದ ಫೋನಾದರೆ ಬರೆದಿಟ್ಟರೇನು ನಷ್ಟ?

ಬರೆದಿಡುವ ಸಬ್‌ಇನ್ಸ್‌ಪೆಕ್ಟರ್ ಮರುತಿಂಗಳು ಆ ಠಾಣೆಯಲ್ಲಿ ಇರುತ್ತಾನೆಯೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. 2016ರಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಅವರ ವರ್ಗಾವಣೆ ಸಚಿವರೊಬ್ಬರ ಫೋನಿಗೆ ಸಂಬಂಧಿಸಿದ್ದೆಂದು ದೊಡ್ಡ ವಿವಾದವಾಗಿ, ವರ್ಗ ರದ್ದಾಗಿ, ಕೊನೆಗೆ ಅವರು ಕೆಲಸವನ್ನೇ ಬಿಟ್ಟರು. ಈ ವರ್ಗಾವಣೆಯ ಅಸ್ತ್ರವನ್ನು ಕಸಿಯಲೆಂದೇ 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ಬಂತು: ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಪೊಲೀಸ್ ಸಿಬ್ಬಂದಿ ಮಂಡಳಿ, ದೂರಿಗೆ ಪ್ರಾಧಿಕಾರ. ಕರ್ನಾಟಕ 2012ರಲ್ಲಿ ತಿದ್ದುಪಡಿ ತಂದು ಒಂದು ವರ್ಷವನ್ನಷ್ಟೇ ಕೊಟ್ಟಿತು, ಎರಡಕ್ಕೇರಿಸಿದ್ದು 2024ರಲ್ಲಿ. ಆದರೂ ಮಂಡಳಿಯಲ್ಲಿ ಕೂರುವವರು ಸರಕಾರದ ಮರ್ಜಿಯಲ್ಲಿರುವ ಅಧಿಕಾರಿಗಳೇ. ಕಾಗದದ ಮೇಲೆ ಅಂತರ ಉಂಟು, ನಡವಳಿಕೆಯಲ್ಲಿ ಶಾಸಕರ ಶಿಫಾರಸು ಪತ್ರವಿಲ್ಲದೆ ಠಾಣೆ ಸಿಗುವುದಿಲ್ಲವೆಂಬ ಮಾತು ಇಲಾಖೆಯೊಳಗೇ ಇದೆ.

ಹಾಗಾಗಿ ಸಾಮಾನ್ಯನಿಗೆ ನಿಜವಾಗಿ ಉಳಿಯುವ ಬಾಗಿಲು ನ್ಯಾಯಾಲಯದ್ದು, ಅದರಲ್ಲೂ ಹತ್ತಿರದ ನ್ಯಾಯಾಲಯದ್ದು. ಹೈಕೋರ್ಟಿನ ರಿಟ್ ದೊಡ್ಡ ಅಸ್ತ್ರವೇ, ಆದರೆ ಧಾರವಾಡ, ಕಲಬುರಗಿಗಳಿಗೆ 2008ರಲ್ಲಿ ಸಿಕ್ಕ ಪೀಠ ಮಂಗಳೂರಿಗೆ ಇನ್ನೂ ಬೇಡಿಕೆಯಾಗಿಯೇ ಇದೆ. 1855ರ ಆಯೋಗ ಹೇಳಿದ ದೂರ ಮತ್ತು ಖರ್ಚು ಚಾರ್ಮಾಡಿ, ಶಿರಾಡಿ ಘಾಟಿಗಳ ಆಚೆ ಹಾಗೇ ನಿಂತಿವೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರರಲ್ಲೂ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೋರ್ಟುಗಳಿವೆ. ಅವರು ಸಚಿವರಿಗೂ ಎಸ್‌ಪಿಗೂ ಅಧೀನರಲ್ಲ, ಮೇಲಿನ ನ್ಯಾಯಾಲಯಗಳಿಗೆ ಮಾತ್ರ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಈ ದಾರಿಯನ್ನು ಒಂದು ಕಡೆ ಬಿಗಿ ಮಾಡಿದೆ: ಕರ್ತವ್ಯದ ವೇಳೆಯ ಕೃತ್ಯಕ್ಕಾಗಿ ಸಾರ್ವಜನಿಕ ನೌಕರನ ಮೇಲೆ ತನಿಖೆಗೆ ಆದೇಶಿಸುವ ಮೊದಲು ಮ್ಯಾಜಿಸ್ಟ್ರೇಟರು ಅವನ ಮೇಲಧಿಕಾರಿಯ ವರದಿ ನೋಡಬೇಕು. ಇನ್ನೊಂದು ಕಡೆ ಸಡಿಲವಾಗಿದೆ: ಮೊಕದ್ದಮೆಯ ಮಂಜೂರಾತಿ ಬಗ್ಗೆ ಸರಕಾರ 120 ದಿನ ಸುಮ್ಮನಿದ್ದರೆ ಒಪ್ಪಿದಂತೆಯೇ. ದೂರು ಇರುವವರು ಮಾಡಬೇಕಾದದ್ದು ಇಷ್ಟು. ದೂರನ್ನು ಬರೆದುಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಠಾಣೆಯವರು ತಗೊಳ್ಳದಿದ್ದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಗೆ, ಮೂಡುಬಿದಿರೆಯವರಾದರೆ ಪೊಲೀಸ್ ಕಮಿಷನರರಿಗೆ ಕಳುಹಿಸಿ. ಅಲ್ಲೂ ಕದಲದಿದ್ದರೆ ಆ ಅಂಚೆ ರಸೀದಿ ಮತ್ತು ಒಂದು ಅಫಿಡವಿಟ್ಟಿನೊಂದಿಗೆ ಆ ಸಂಹಿತೆಯ 175(3)ನೇ ಕಲಮಿನಡಿ ನಿಮ್ಮ ತಾಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ.